ಪಡಸಾಲೆಯಲ್ಲಿ ಬಿಚ್ಚಿದ ಮೋಟರು

ನಾನು ಚಿಕ್ಕವಳಿದ್ದಾಗ ಮುಳಬಾಗಿಲಿನ ನಮ್ಮ ಮನೆಯಲ್ಲಿ ಒಂದಷ್ಟು ಕಾಲ ಎರಡು ಒಲೆ ಉರಿಯುತ್ತಿದ್ದವು. ಒಂದು ಅಡುಗೆಮನೆಯಲ್ಲಿ, ನನ್ನ ಅಮ್ಮನದು. ಇನ್ನೊಂದು ಹಿತ್ತಲ ಜಗಲಿಯ ಮೇಲೆ ಮೂರು ಕಲ್ಲಿಟ್ಟು ಹೂಡಿದ್ದು, ಚಿಕ್ಕಮ್ಮನದು. ಹಾಗಂತ ಮನೆ ಪಾಲಾಗಿರಲಿಲ್ಲ. ಇಬ್ಬರೂ ರಾಗಿ ಹಿಟ್ಟನ್ನು ಒಂದೇ ಮಡಕೆಯಿಂದ ತೆಗೆಯುತ್ತಿದ್ದರು, ಖಾರದಪುಡಿ ಒಂದೇ ಡಬ್ಬಿಯದು, ನೀರು ಒಂದೇ ಬಾವಿಯದು. ಹುರುಳಿ ಬೇಯಿಸಿದ ದಿನ ಎರಡೂ ಕಡೆಯಿಂದ ಒಂದೇ ವಾಸನೆ ಬರುತ್ತಿತ್ತು. ಆದರೂ ಚಿಕ್ಕಮ್ಮ ಅಮ್ಮನ ಒಲೆಯ ಮೇಲೆ ಬೆಂದದ್ದನ್ನು ಮುಟ್ಟುತ್ತಿರಲಿಲ್ಲ. ಆ ಒಲೆಯ ಅಡುಗೆಯನ್ನು ಚಿಕ್ಕಪ್ಪ ಉಣ್ಣುತ್ತಿದ್ದ, ಅದಕ್ಕೆ. ತನ್ನ ತಮ್ಮನನ್ನು ಕೊಂದವನು ಉಂಡ ಪಾತ್ರೆಯಿಂದ ತಾನು ಉಣ್ಣುವುದಿಲ್ಲ ಎಂದು ಅವಳು ಎಲ್ಲರೆದುರು ಹೇಳಿದ್ದಳು. ಹಾಗೆ ಹೇಳಿದ್ದು ತನ್ನ ಗಂಡನ ಬಗ್ಗೆಯೇ.

ಮನೆ ದೊಡ್ಡದಲ್ಲ. ಬಾಗಿಲು ದಾಟಿದ ಕೂಡಲೇ ಎಡಕ್ಕೆ ಎತ್ತು ಕಟ್ಟುವ ಕೊಟ್ಟಿಗೆ, ಬಲಕ್ಕೆ ಪಡಸಾಲೆ. ಪಡಸಾಲೆಗೆ ಕಲ್ಲಿನ ಕಂಬ, ಕಲ್ಲಿನ ಚಪ್ಪಡಿಯ ನೆಲ. ಅದರಾಚೆ ಹಗಲಲ್ಲೂ ಕತ್ತಲಾಗಿರುವ ನಡುಮನೆ, ಅಲ್ಲಿಂದ ಅಡುಗೆಮನೆ, ಹಿತ್ತಲು. ಬೇರೆಯವರ ಮನೆಗಳಲ್ಲಿ ಪಡಸಾಲೆಯೆಂದರೆ ಗಂಡಸರು ಕೂತು ಎಲೆಯಡಿಕೆ ಹಾಕಿಕೊಳ್ಳುವ ಜಾಗ. ನಮ್ಮಲ್ಲಿ ಅದು ಅಪ್ಪನ ಕಬ್ಬಿಣದ ಜಾಗ. ಅಪ್ಪ, ವೆಂಕಟಸ್ವಾಮಿ, ಯುದ್ಧದ ಕಾಲದಲ್ಲಿ ಕೋಲಾರದ ಒಂದು ಬಸ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಆಗ ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಿಲು ಗ್ಯಾಸಿನ ಡಬ್ಬ ಕಟ್ಟಿ ಓಡಿಸುತ್ತಿದ್ದರು. ಆ ಡಬ್ಬಗಳನ್ನು ಬಿಚ್ಚಿ ತೊಳೆದು ಜೋಡಿಸುತ್ತಾ ಅವನಿಗೆ ಬಿಚ್ಚುವ ಹುಚ್ಚು ಹಿಡಿಯಿತು. ಊರಿಗೆ ಬಂದ ಮೇಲೂ ಬಿಡಲಿಲ್ಲ. ದರ್ಜಿಯ ಹೊಲಿಗೆ ಮಿಷನ್ನು, ಶಾನುಭೋಗರ ಗೋಡೆ ಗಡಿಯಾರ, ಯಾರದೋ ಹಾರ್ಮೋನಿಯಂ, ಎಲ್ಲ ನಮ್ಮ ಪಡಸಾಲೆಯ ಗೋಣಿತಟ್ಟಿನ ಮೇಲೆ ಚೂರುಚೂರಾಗಿ ಬಿದ್ದಿರುತ್ತಿದ್ದವು. ಅಡುಗೆಯ ತಟ್ಟೆಗಳಲ್ಲಿ ಮೊಳೆ, ತಿರುಪು. ಸೀಮೆಎಣ್ಣೆ ಅಳತೆಯ ಮೇಲೆ ಸಿಗುತ್ತಿದ್ದ ದಿನಗಳು ಅವು. ಅಪ್ಪ ದೀಪದ ಎಣ್ಣೆಯನ್ನೇ ಸುರಿದುಕೊಂಡು ಹಲ್ಲಿನ ಚಕ್ರ ತೊಳೆಯುತ್ತಿದ್ದ. ಅಮ್ಮ ಗೌನಿಪಲ್ಲಿಯವಳು, ಕೋಪ ಬಂದರೆ ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವವಳು.

"ಏಮಂಡೀ, ದೀಪಕ್ಕಿಲ್ಲದ ಎಣ್ಣೆ ನಿಮ್ಮ ಕಬ್ಬಿಣಕ್ಕೆ ಬೇಕಾ?"

"ಕತ್ತಲಾದ್ರೆ ಮಲಗಿದ್ರಾಯ್ತು ಕಣೇ. ಇದು ಹಾಗಲ್ಲ, ನಾಳೆ ಓಡಬೇಕು."

ಈ ಜಗಳದಲ್ಲಿ ವಿಷವಿರಲಿಲ್ಲ. ನಾವು ಮಕ್ಕಳು ನಗುತ್ತಿದ್ದೆವು, ಅಜ್ಜಿಯೂ ನಗುತ್ತಿದ್ದಳು. ನನ್ನ ಚಿಕ್ಕಪ್ಪ ನಾರಾಯಣಪ್ಪನಂತೂ, ನಾವೆಲ್ಲ ನಾಣಿ ಎನ್ನುತ್ತಿದ್ದೆವು, ಅಣ್ಣನ ಪಕ್ಕದಲ್ಲಿ ಕೂತು ಅಣ್ಣ ಕೇಳುವ ಮೊದಲೇ ಪಾನಾ ಎತ್ತಿಕೊಡುತ್ತಿದ್ದ. ಹೊಲದ ಕೆಲಸವೆಲ್ಲ ಅವನದೇ. ಆದರೂ ಅಣ್ಣ ಹೇಳಿದ್ದು ಅವನಿಗೆ ವೇದ. ಅಣ್ಣ ಬಿಚ್ಚಿದ್ದು ಯಾವುದೂ ಜೋಡಿಸಿದ ಮೇಲೆ ಓಡದೆ ಇರುವುದಿಲ್ಲ ಎಂದು ಸಂತೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಅವನಿಗೆ ಮದುವೆಯಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಚಿಕ್ಕಮ್ಮ ರತ್ನಮ್ಮ ಆವನಿಯವಳು. ಅವಳನ್ನು ಕಳಿಸಲು ಬಂದ ತಮ್ಮ ಚಲಪತಿ ಹಿಂದಿರುಗಿ ಹೋಗಲೇ ಇಲ್ಲ. ಮೀಸೆ ಈಗಷ್ಟೇ ಚಿಗುರುತ್ತಿದ್ದ ಹುಡುಗ. ತಂದೆಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ನನ್ನನ್ನು "ಪಾರಕ್ಕೋ" ಎಂದು ದೊಡ್ಡವಳಂತೆ ಕರೆದು ರೇಗಿಸುತ್ತಿದ್ದ. ಮುದ್ದೆಯನ್ನು ಸಾರಿಗೆ ಅದ್ದದೆ ನುಂಗುವ ಪಂದ್ಯ ಕಟ್ಟಿ, ಗಂಟಲಿಗೆ ಸಿಕ್ಕಿ, ಅಜ್ಜಿಯಿಂದ ಬೆನ್ನಿಗೆ ಗುದ್ದಿಸಿಕೊಳ್ಳುತ್ತಿದ್ದ. ಮನೆಯಲ್ಲಿ ಅವನ ದನಿಯೇ ಎಲ್ಲರಿಗಿಂತ ದೊಡ್ಡದು.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡದ ಸಾಮಾನನ್ನೆಲ್ಲ ಹರಾಜು ಹಾಕುತ್ತಿದ್ದಾರೆಂದು ಕೇಳಿ ಅಪ್ಪ, ಚಿಕ್ಕಪ್ಪ ಬೆಂಗಳೂರಿಗೆ ಹೋಗಿ ಒಂದು ಎಂಜಿನ್ನನ್ನು ತಂದರು. ಅದರ ಜೊತೆ ಒಂದು ಎಣ್ಣೆ ಪಂಪು, ದಪ್ಪ ಕೊಳವೆಗಳು, ಮತ್ತೆ ಪುಟ್ಟ ಕುಂಬಳಕಾಯಿಯಷ್ಟು ದಪ್ಪದ ಒಂದು ಕಬ್ಬಿಣದ ಗುಂಡು. ಅದನ್ನು ಎಲ್ಲಿಂದ ಕಳಚಿದ್ದರೋ, ಯಾತಕ್ಕೆ ಬಳಸುತ್ತಿದ್ದರೋ ಮಾರಿದವರಿಗೂ ಗೊತ್ತಿರಲಿಲ್ಲವಂತೆ. ಅಪ್ಪ ಅದನ್ನು ಬಿಚ್ಚಿ ಒಳಗೆ ನೋಡಿ, ಇದು ಎಣ್ಣೆಯ ಒತ್ತಡದಿಂದ ತಿರುಗುವ ಮೋಟರು ಎಂದು ಕಂಡುಹಿಡಿದ. ನಮಗೆ ತೋರಿಸಿದ ಕೂಡ. ಒಳಗೆ ಎರಡು ಹಲ್ಲಿನ ಚಕ್ರಗಳು ಒಂದರ ಹಲ್ಲಿಗೆ ಇನ್ನೊಂದರ ಹಲ್ಲು ಕೂಡಿಸಿಕೊಂಡು ಬಿಗಿಯಾಗಿ ಕೂತಿದ್ದವು. ಕಬ್ಬಿನ ಗಾಣ ನೋಡಿದ್ದ ನಾನು, ಎಣ್ಣೆ ಈ ಎರಡು ಚಕ್ರಗಳ ನಡುವೆ ನುಗ್ಗುತ್ತದೆ ಅಂದುಕೊಂಡೆ. ಅಲ್ಲವಂತೆ. ನಡುವೆ ಜಾಗವೇ ಇಲ್ಲ. ಎಣ್ಣೆ ಎರಡೂ ಚಕ್ರಗಳ ಹೊರಬದಿಯಿಂದ, ಹಲ್ಲುಗಳ ಸಂದಿಯಲ್ಲಿ ತುಂಬಿಕೊಂಡು, ಹಲ್ಲನ್ನು ತಳ್ಳುತ್ತಾ ಸುತ್ತಿ ಬಂದು ಆಚೆ ತೂತಿನಿಂದ ಹೋಗುತ್ತದೆ. ಒಂದು ಚಕ್ರ ಕೂತಿರುವ ಷಾಫ್ಟು ಹೊರಗೆ ಚಾಚಿಕೊಂಡಿದೆ. ಅದಕ್ಕೆ ಏನು ಕಟ್ಟಿದರೂ ತಿರುಗುತ್ತದೆ. ಅಪ್ಪನ ಮುಖ ಅಷ್ಟು ಬೆಳಗಿದ್ದನ್ನು ನಾನು ಹಬ್ಬಗಳಲ್ಲೂ ನೋಡಿರಲಿಲ್ಲ.

ಅಪ್ಪ ಅದಕ್ಕೆ ಹಗ್ಗ ಸುತ್ತುವ ಉರುಳೆ ಕಟ್ಟಿದ. ಕುರುಡುಮಲೆ ದಾರಿಯಲ್ಲಿ ಒಬ್ಬ ಸಾಹುಕಾರರು ಹಿಪ್ಪುನೇರಳೆ ತೋಟಕ್ಕೆ ದೊಡ್ಡ ಬಾವಿ ತೋಡಿಸುತ್ತಿದ್ದರು. ಬಂಡೆ ಸಿಡಿಸಿ ತೆಗೆದ ಕಲ್ಲನ್ನು ಮೇಲೆತ್ತುವ ಕೆಲಸಕ್ಕೆ ನಮ್ಮ ಯಂತ್ರ ಹೋಯಿತು. ಹಿಡಿಕೋಲನ್ನು ಮೇಲಕ್ಕೆತ್ತಿದರೆ ತಂತಿ ಹಗ್ಗ ಸುತ್ತಿಕೊಂಡು ಕಲ್ಲು ಮೇಲೆ ಬರುತ್ತಿತ್ತು, ಕೆಳಗೊತ್ತಿದರೆ ಇಳಿಯುತ್ತಿತ್ತು, ನಡುವೆ ನಿಲ್ಲಿಸಿದರೆ ಎಣ್ಣೆ ಒಳಗೇ ಕಟ್ಟಿಕೊಂಡು ಕಲ್ಲು ಇದ್ದಲ್ಲೇ ತೂಗಾಡುತ್ತಿತ್ತು. ಬೇರೆ ಬ್ರೇಕು ಇರಲಿಲ್ಲ. ಸುಗ್ಗಿ ಕಳೆದು ಬೇಸಿಗೆ ಮುಗಿಯುವವರೆಗೂ ಅದು ಚೆನ್ನಾಗಿಯೇ ಕೆಲಸ ಮಾಡಿತು. ಕೋಲು ಹಿಡಿಯುವವನು ಚಿಕ್ಕಪ್ಪ. ಕೆಳಗೆ ಕಲ್ಲಿಗೆ ಸರಪಳಿ ಬಿಗಿಯುವವರಲ್ಲಿ ಚಲಪತಿ ಒಬ್ಬ.

ಆ ದಿನ ನಾನು ಅಲ್ಲಿರಲಿಲ್ಲ. ಅಪ್ಪನೂ ಇರಲಿಲ್ಲ, ಯಾವುದೋ ಕೆಲಸಕ್ಕೆ ಶ್ರೀನಿವಾಸಪುರಕ್ಕೆ ಹೋಗಿದ್ದ. ನನಗೆ ಗೊತ್ತಿರುವುದು ಮನೆಗೆ ಬಂದದ್ದು ಮಾತ್ರ. ಗಾಡಿಯ ಮೇಲೆ ಕಂಬಳಿ ಹೊದಿಸಿದ ಚಲಪತಿ ಬಂದ. ಹಿಂದೆ ಚಿಕ್ಕಪ್ಪ ಎರಡೂ ಕೈಯನ್ನು ಮುಂದಕ್ಕೆ ಚಾಚಿಕೊಂಡು, ಯಾರಿಗೋ ಏನನ್ನೋ ಕೊಡಲು ಬಂದವನಂತೆ ನಡೆದು ಬಂದ. ಅವನ ಅಂಗೈಯ ಚರ್ಮ ಸುಲಿದು ಹೋಗಿತ್ತು. ದೊಡ್ಡ ಕಲ್ಲು ಅರ್ಧ ದಾರಿ ಮೇಲೆ ಬಂದಿತ್ತಂತೆ. ಇದ್ದಕ್ಕಿದ್ದಂತೆ ಉರುಳೆ ಹಿಂದಕ್ಕೆ ಸುತ್ತಿ, ಕಲ್ಲು ನೇರ ಕೆಳಗೆ. ಓಡಿ ಬಂದವರು ನೋಡಿದಾಗ ಹಿಡಿಕೋಲು ಕೆಳಮುಖವಾಗಿತ್ತು. ನಾಣಿ ಗಾಬರಿಯಲ್ಲಿ ಕೋಲನ್ನು ತಪ್ಪು ದಿಕ್ಕಿಗೆ ಒತ್ತಿಬಿಟ್ಟ ಎಂದು ಅಲ್ಲೇ ತೀರ್ಮಾನವಾಯಿತು. ಅಮಲ್ದಾರರ ಕಡೆಯವರು ಬಂದು ಕೇಳಿದಾಗಲೂ ಎಲ್ಲರೂ ಅದನ್ನೇ ಹೇಳಿದರು. ಕೈತಪ್ಪು ಎಂದು ಬರೆದುಕೊಂಡು ಹೋದರು. ಚಿಕ್ಕಪ್ಪ ಮಾತ್ರ ಹೇಳುತ್ತಲೇ ಇದ್ದ.

"ಉರುಳೆ ತಾನಾಗೇ ಬಿಟ್ಕೊಳ್ತು ಅಣ್ಣ. ಕೋಲು ಮೇಲೇ ಇತ್ತು. ನಿಲ್ಲಲಿಲ್ಲ ಅಂತ ಆಮೇಲೆ ಹೆಂಗೆಂಗೋ ಎಳ್ದೆ, ಒತ್ದೆ. ಏನು ಮಾಡಿದ್ರೂ ನಿಲ್ಲಲಿಲ್ಲ."

ಅಪ್ಪ ಮರುದಿನವೇ ಹೋಗಿ ಮೋಟರನ್ನು ಕಳಚಿಕೊಂಡು ಬಂದು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಮುಚ್ಚಿ ಇಟ್ಟ.

ಆಮೇಲಿನ ದಿನಗಳು ನನಗೆ ಊಟದ ಮೂಲಕವೇ ನೆನಪಿವೆ. ಚಿಕ್ಕಪ್ಪ ಒಳಗೆ ಬಂದು ಉಣ್ಣುತ್ತಿರಲಿಲ್ಲ. ಕೊಟ್ಟಿಗೆಯ ಹೊಸ್ತಿಲಲ್ಲಿ ಕೂರುತ್ತಿದ್ದ. ಕೈಗೆ ಬಟ್ಟೆ ಸುತ್ತಿದ್ದರಿಂದ ಅಜ್ಜಿ ಮುದ್ದೆಯನ್ನು ಮುರಿದು ಮುರಿದು ಬಾಯಿಗಿಡುತ್ತಿದ್ದಳು. ಅರಿಶಿನ, ಎಣ್ಣೆ ಹಚ್ಚುತ್ತಿದ್ದವಳೂ ಅವಳೇ. ಚಿಕ್ಕಮ್ಮ ನೀರಿನ ಕೊಡ ಹೊತ್ತು ಅವನ ಪಕ್ಕದಲ್ಲೇ ಹಾದುಹೋಗುತ್ತಿದ್ದಳು, ಅಲ್ಲಿ ಒಂದು ಕಂಬ ಇದೆ ಎನ್ನುವಂತೆ. ಆವನಿಯಲ್ಲಿ ಅವಳ ತಾಯಿ ಮುನಿವೆಂಕಟಮ್ಮ, ಅಳಿಯ ತನ್ನ ಹೊಸ್ತಿಲು ಮೆಟ್ಟಕೂಡದು ಎಂದುಬಿಟ್ಟಿದ್ದರು. ತಿಥಿಗೆ ಚಿಕ್ಕಮ್ಮ ಒಬ್ಬಳೇ ಹೋಗಿ ಬಂದಳು. ತವರಿನಲ್ಲೇ ಉಳಿದುಬಿಡುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದೆವು. ಯಾಕೆ ವಾಪಸು ಬಂದಳೋ ಆಗ ನನಗೆ ಅರ್ಥವಾಗಲಿಲ್ಲ. ನನಗೆ ಎರಡು ಒಲೆಯ ಬಳಿಯೂ ಜಾಗವಿತ್ತು, ಎರಡೂ ಕಡೆ ಉಂಡು ಎರಡೂ ಕಡೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತೆ. ಅಪ್ಪ ಏನನ್ನೂ ಬಿಚ್ಚುತ್ತಿರಲಿಲ್ಲ. ಪಡಸಾಲೆ ಗುಡಿಸಿ ಇಟ್ಟಂತೆ ಖಾಲಿಯಾಗಿತ್ತು. ಅದು ದುಃಖದಿಂದ ಎಂದು ಅಮ್ಮ ಹೇಳಿದಳು, ನಾನು ನಂಬಿದೆ.

ಒಂದು ದಿನ ಬೆಳಗ್ಗೆ ಅಜ್ಜಿ ಚಿಕ್ಕಪ್ಪನ ಕೈಯ ಬಟ್ಟೆ ಪೂರ್ತಿ ತೆಗೆದಳು. ಗಾಯ ಮಾಗಿ ಎರಡೂ ಅಂಗೈಯ ಅಡ್ಡಕ್ಕೆ ಕೆಂಪು ಬರೆ ಎದ್ದಿತ್ತು, ಕಾದ ಸಲಾಕೆ ಇಟ್ಟಂತೆ. ಚಿಕ್ಕಮ್ಮ ಹಿತ್ತಲಿಂದ ಬಂದವಳು ನಿಂತುಬಿಟ್ಟಳು. ತುಂಬ ಹೊತ್ತು ನೋಡಿದಳು. ಅಷ್ಟು ದಿನಗಳ ನಂತರ ಮೊದಲ ಬಾರಿಗೆ ಗಂಡನ ಜೊತೆ ಮಾತಾಡಿದಳು.

"ಇದೇನಿದು?"

"ಹಗ್ಗ ಹಿಡ್ದೆ."

"ಓಡ್ತಾ ಇರೋ ತಂತಿ ಹಗ್ಗಾನ?"

"ಕೆಳಗೆ ಚಲಪತಿ ಇದ್ನಲ್ಲೇ."

ಅವಳು ಕೊಡವನ್ನು ಅಲ್ಲೇ ಇಳಿಸಿದಳು. ನೇರ ಪಡಸಾಲೆಗೆ ಬಂದು, ಕಂಬಕ್ಕೊರಗಿ ಕೂತಿದ್ದ ಅಪ್ಪನೆದುರು ನಿಂತಳು. ತಮ್ಮನ ಹೆಂಡತಿ ಭಾವನ ಎದುರಿಗೆ ಹಾಗೆ ತಲೆಯೆತ್ತಿ ನಿಲ್ಲುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

"ಭಾವ, ಆ ಮೋಟರು ಬಿಚ್ಚಿ. ಒಳಗೆ ಏನಾಗೈತೆ ನೋಡಬೇಕು."

"ಆಮೇಲೆ ನೋಡೋಣಮ್ಮ. ಸೀಮೆಎಣ್ಣೆ ಇಲ್ಲ."

"ನಂದು ಐತೆ. ಕೊಡ್ತೀನಿ."

"ಗೌರಿ ಹಬ್ಬ ಕಳೀಲಿ ರತ್ನಾ. ಈಗ್ಯಾಕೆ ಮತ್ತೆ ಅದನ್ನೆಲ್ಲ ಕೆದಕೋದು?"

"ನಾನು ತಮ್ಮನ್ನ ಕಳ್ಕೊಂಡೆ. ಗಂಡನ್ನೂ ಕಳ್ಕೊಂಡು ಕೂತಿದೀನಿ. ಕೋಲು ತಪ್ಪಾಗಿ ಒತ್ತಿದವನು ಅದನ್ನ ಎತ್ತೋದು ಬಿಟ್ಟು ಆ ಹಗ್ಗಕ್ಕೆ ಕೈ ಹಾಕ್ತಾನಾ ಭಾವ? ನಂಗೆ ಗೊತ್ತಾಗಬೇಕು. ಏನೇ ಇದ್ರೂ ಗೊತ್ತಾಗಬೇಕು."

ಅಪ್ಪ ಏಳಲಿಲ್ಲ. ಚಿಕ್ಕಮ್ಮ ನನ್ನ ಕಡೆ ತಿರುಗಿ "ಬಾರೇ ಪಾರೂ" ಅಂದಳು. ಇಬ್ಬರೂ ಕೊಟ್ಟಿಗೆಗೆ ಹೋಗಿ ಗೋಣಿಚೀಲ ಕಿತ್ತು, ಆ ಗುಂಡನ್ನು ಚೀಲದ ಮೇಲೆಯೇ ಕೂರಿಸಿಕೊಂಡು, ಅವಳು ಮುಂದೆ ನಾನು ಹಿಂದೆ, ಎಳೆದು ತಂದು ಪಡಸಾಲೆಯ ನಡುವೆ ಇಟ್ಟೆವು. ಅಷ್ಟು ಪುಟ್ಟದು ಅಷ್ಟು ಭಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವಳು ತನ್ನ ಸೀಮೆಎಣ್ಣೆ ಸೀಸೆಯನ್ನು ತಂದು ಪಕ್ಕದಲ್ಲಿಟ್ಟಳು. ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ನಡುಮನೆ ಬಾಗಿಲಲ್ಲಿ ನಿಂತಳು. ಅಜ್ಜಿ ಬಂದು ಕೂತಳು. ಚಿಕ್ಕಪ್ಪ ಕೊಟ್ಟಿಗೆಯ ಹೊಸ್ತಿಲು ಬಿಟ್ಟು ಬರಲಿಲ್ಲ. ಅಲ್ಲಿಂದಲೇ ನೋಡುತ್ತಿದ್ದ. ಅಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಪಾನಾ ತೆಗೆದುಕೊಂಡ.

ಮುಚ್ಚಳದ ಬೋಲ್ಟುಗಳನ್ನು ಒಂದರ ಎದುರಿಗೆ ಒಂದರಂತೆ ಸಡಿಲಿಸಿದ. ಮುಚ್ಚಳ ಅಂಟಿಕೊಂಡಿತ್ತು. ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿದ. ಅದು ಬಿಟ್ಟುಕೊಂಡದ್ದೇ ಕಪ್ಪಗಾದ ಎಣ್ಣೆ ಚಪ್ಪಡಿಯ ಮೇಲೆ ಹರಿದು, ಸುಟ್ಟ ಕಬ್ಬಿಣದ ವಾಸನೆ ಮನೆಯೆಲ್ಲ ತುಂಬಿತು. ಅಪ್ಪ ಮುಚ್ಚಳವನ್ನು ತೊಳೆದು ಬೆಳಕಿಗೆ ಹಿಡಿದು ಅದರ ಒಳಮೈ ಮೇಲೆ ಉಗುರಾಡಿಸಿದ, ಗೀರು ಬಿದ್ದಿದೆಯೇ ಎಂದು. ಷಾಫ್ಟು ಹೊರಗೆ ಚಾಚದ ಚಕ್ರವನ್ನು ಎತ್ತಿ ಒಂದೊಂದು ಹಲ್ಲನ್ನೂ ಬಟ್ಟೆಯಿಂದ ಒರೆಸಿ ನೋಡಿದ. ಚಕ್ರ ತಿರುಗುವ ಗೂಡಿನೊಳಗೆ ಬೆರಳಿಟ್ಟು ಸುತ್ತಿದ. ಹಿತ್ತಾಳೆಯ ಬುಷ್ಷುಗಳನ್ನು ನೋಡಿದ. ನೋಡಿದ್ದನ್ನೆಲ್ಲ ಗೋಣಿತಟ್ಟಿನ ಮೇಲೆ ಸಾಲಾಗಿ ಇಡುತ್ತಾ ಹೋದ. ಒಂದೊಂದಕ್ಕೂ "ಸರಿ ಇದೆ" ಎನ್ನುತ್ತಿದ್ದ. ಅವನು ಹಾಗೆ ಅಂದಾಗಲೆಲ್ಲ ಕೊಟ್ಟಿಗೆಯ ಬಾಗಿಲಲ್ಲಿದ್ದ ಮನುಷ್ಯ ಸ್ವಲ್ಪ ಸ್ವಲ್ಪವೇ ಕುಗ್ಗುತ್ತಿರುವುದು ನನಗೆ ಕಾಣುತ್ತಿತ್ತು. ಯಂತ್ರ ಸರಿಯಿದ್ದರೆ ತಪ್ಪು ಅವನದೇ. ಕೊನೆಗೆ ಷಾಫ್ಟನ್ನು ಅದರ ಚಕ್ರದ ಸಮೇತ ಹೊರಗೆಳೆದು ಮಡಿಲಲ್ಲಿಟ್ಟುಕೊಂಡ. ಚಕ್ರ ಷಾಫ್ಟಿನ ಮೇಲಿಂದ ಬಳೆ ಜಾರಿದಂತೆ ಜಾರಿತು. ಅಪ್ಪ ತಲೆ ತಗ್ಗಿಸಿ ಏನನ್ನೋ ಬೆರಳಿಂದ ಕೆದಕಿ ತೆಗೆದ. ತಲೆ ಎತ್ತಿದಾಗ ಅವನ ಎಡಗೈ ಮುಷ್ಟಿಯಾಗಿತ್ತು.

"ಎಲ್ಲ ಸರಿ ಇದೆ," ಅಂದ.

ಆಗ ಅಮ್ಮ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

"ಕೈಯಲ್ಲೇನದು?"

"ಏನಿಲ್ಲ."

"ಏಮಂಡೀ, ಕೈ ಬಿಚ್ಚಿ."

"ಏನಿಲ್ಲ ಅಂದೆನಲ್ಲ!"

ಅಪ್ಪ ಕೂಗಿದ. ಅಮ್ಮ ಹೆದರಲಿಲ್ಲ. ಬಂದು ಅವನೆದುರು ನೆಲದ ಮೇಲೆ ಕೂತಳು. ಅವಳ ದನಿ ಮಾತ್ರ ತಗ್ಗಿತ್ತು, ಜ್ವರ ಬಂದ ಮಗುವಿನ ಹತ್ತಿರ ಮಾತಾಡುವಾಗಿನ ಹಾಗೆ.

"ಈ ಯಂತ್ರದ ಪೂಜೆಯ ಹಿಂದಿನ ದಿನ ನನ್ನ ಅಡುಗೆಮನೆ ಕಿಟಕಿ ಸರಳು ಕೊಯ್ದಿರಿ. ಆ ಸಂದಿಯಲ್ಲಿ ಬೆಕ್ಕು ನುಗ್ಗಿ ಇವತ್ತಿಗೂ ಹಾಲು ಕುಡೀತದೆ. ಏನಕ್ಕೆ ಅಂದ್ರೆ, ಚಿಕ್ಕ ಬೆಣೆ ಮಾಡಬೇಕು ಅಂದಿರಿ. ಅದೇ ತಾನೇ? ಕೈ ಬಿಚ್ಚಿ. ನಿಮ್ಮ ತಮ್ಮ ಅಲ್ಲಿ ನಿಂತವ್ನೆ."

ಅಪ್ಪ ಕೈ ಬಿಚ್ಚಿದ. ಅಂಗೈಯಲ್ಲಿ ಬೆರಳಿನ ಉಗುರಿನಷ್ಟು ಉದ್ದದ ಕಬ್ಬಿಣದ ಎರಡು ತುಂಡುಗಳಿದ್ದವು. ಚಕ್ರ ಷಾಫ್ಟಿನ ಮೇಲೆ ಜಾರದಂತೆ ಎರಡರ ನಡುವೆ ಕೊರೆದ ಕಚ್ಚಿನಲ್ಲಿ ಕೂರಿಸುವ ಬೆಣೆ ಅದು. ಅದೊಂದು ಇದ್ದರೆ ಚಕ್ರ, ಷಾಫ್ಟು ಒಂದೇ ಜೀವ. ಅದು ತುಂಡಾದರೆ ಚಕ್ರ ಒಳಗೆ ಎಣ್ಣೆಯಲ್ಲಿ ನಿಂತಿರುತ್ತದೆ, ಷಾಫ್ಟು ತನ್ನ ಪಾಡಿಗೆ ತಾನು ಸುತ್ತುತ್ತದೆ, ಅದಕ್ಕೆ ಕಟ್ಟಿದ ಉರುಳೆಯೂ ಸುತ್ತುತ್ತದೆ, ಹಗ್ಗ ಬಿಚ್ಚಿಕೊಳ್ಳುತ್ತದೆ. ಕೋಲು ಯಾವ ಕಡೆ ಇದ್ದರೂ ಒಂದೇ. ಇದನ್ನೆಲ್ಲ ಅಪ್ಪನೇ ಹೇಳಿದ, ನೆಲ ನೋಡಿಕೊಂಡು. ಹರಾಜಿನಲ್ಲಿ ತಂದಾಗ ಒಳಗಿದ್ದ ಉಕ್ಕಿನ ಬೆಣೆ ಸವೆದು ಹೋಗಿತ್ತು. ಬೆಳಗಾದರೆ ಪೂಜೆ, ಊರವರನ್ನೆಲ್ಲ ಕರೆದಾಗಿತ್ತು. ಕಿಟಕಿಯ ಸರಳು ಮೆತ್ತನೆಯ ಕಬ್ಬಿಣ ಎಂದು ಗೊತ್ತಿತ್ತು. ಸದ್ಯಕ್ಕೆ ಇದಿರಲಿ, ಕೋಲಾರಕ್ಕೆ ಹೋದಾಗ ಲೇತಿನವರಿಂದ ಉಕ್ಕಿನದು ಮಾಡಿಸಿ ತಂದು ಹಾಕೋಣ ಎಂದುಕೊಂಡಿದ್ದ. ಯಂತ್ರ ಓಡಿತು. ಎಲ್ಲರೂ ಹೊಗಳಿದರು. ಕೋಲಾರಕ್ಕೆ ಎಷ್ಟೋ ಸಲ ಹೋಗಿ ಬಂದ. ಬೆಣೆಯ ನೆನಪು ಬರಲಿಲ್ಲ.

ಚಿಕ್ಕಪ್ಪ ಹೊಸ್ತಿಲು ದಾಟಿ ಬಂದ. ಆ ತುಂಡುಗಳನ್ನು ತೆಗೆದುಕೊಂಡು, ಬರೆ ಬಿದ್ದ ತನ್ನ ಅಂಗೈಯ ಮೇಲೆ ಒಂದಕ್ಕೊಂದು ಜೋಡಿಸಿ ನೋಡಿದ. ಅವನು ಅಳುತ್ತಾನೆ, ಇಲ್ಲವೇ ಹೊಡೆಯುತ್ತಾನೆ ಎಂದು ನನಗೆ ಭಯವಾಗಿತ್ತು. ಅವನು ಕೇಳಿದ್ದು ಒಂದೇ ಮಾತು.

"ಅಣ್ಣ, ನಿಂಗೆ ಇವತ್ತು ಗೊತ್ತಾಯ್ತಾ?"

ಅಪ್ಪ ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಹೌದು ಎನ್ನಬಹುದಿತ್ತು, ಅಲ್ಲವೆನ್ನುವವರು ಯಾರೂ ಇರಲಿಲ್ಲ. ಅವನು ತುಟಿ ತೇವ ಮಾಡಿಕೊಂಡ.

"ಇಲ್ಲ ಕಣೋ. ಕಳಚಿಕೊಂಡು ಬಂದ ದಿನಾನೇ. ಷಾಫ್ಟು ಕೈಯಲ್ಲಿ ತಿರುಗಿಸಿ ನೋಡ್ದೆ. ಒಳಗೆ ಎಣ್ಣೆ ಹಿಡೀಬೇಕಾಗಿತ್ತು. ಹಿಡೀಲಿಲ್ಲ, ಸುಮ್ನೆ ತಿರುಗ್ತು. ಬೆಣೆ ಇರಬಹುದು ಅನ್ನಿಸ್ತು. ಗೋಣಿಚೀಲ ಮುಚ್ಚಿಬಿಟ್ಟೆ."

ಅಜ್ಜಿ ಎದೆಗೆ ಕೈಯಿಟ್ಟುಕೊಂಡಳು. ಅವಳು ಬೈದದ್ದು ಅಪ್ಪನನ್ನಲ್ಲ. ಚಿಕ್ಕಪ್ಪನ ಕಡೆ ತಿರುಗಿ, "ನಾಣೀ, ಬಾಯಿಗೆ ತುತ್ತಿಡ್ತಾ ಇದ್ರೂ ನೀನೇ ತಪ್ಪು ಮಾಡಿದ್ದು ಅಂತ ನಾನೂ ಅಂದ್ಕೊಂಡಿದ್ನಲ್ಲೋ" ಎಂದಳು. ಚಿಕ್ಕಪ್ಪ ಆ ಎರಡು ತುಂಡುಗಳನ್ನು ಗೋಣಿತಟ್ಟಿನ ಮೇಲೆ, ಸಾಲಿನ ಕೊನೆಯಲ್ಲಿ, ಅವು ಇರಬೇಕಾದ ಜಾಗದಲ್ಲಿ ಇಟ್ಟ. ಎತ್ತುಗಳಿಗೆ ನೀರು ತೋರಿಸುವ ಹೊತ್ತಾಗಿತ್ತು. ಹೊರಟುಹೋದ.

ಚಿಕ್ಕಮ್ಮ ಅಷ್ಟು ಹೊತ್ತೂ ಅಲುಗಾಡದೆ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಭಾವ, ಈ ಮಾತು ನಮ್ಮಮ್ಮನ ಬಾಗಿಲಲ್ಲಿ ನೀವೇ ಹೇಳಬೇಕು. ನಾನು ಹೇಳಲ್ಲ, ಇವರು ಹೇಳಲ್ಲ. ನೀವೇ."

ಆ ದಿನ ಮಧ್ಯಾಹ್ನ ಚಿಕ್ಕಪ್ಪ ಹಿತ್ತಲ ಒಲೆಯ ಬಳಿ ಉಂಡ. ಚಿಕ್ಕಮ್ಮ ಬಡಿಸಿದಳು. ನಾನು ಸಂತೋಷದಿಂದ ಅಡುಗೆಮನೆಗೆ ಓಡಿಹೋಗಿ ಹೇಳಿದೆ. ಇನ್ನು ಎಲ್ಲ ಮೊದಲಿನಂತಾಗುತ್ತದೆ ಎಂದುಕೊಂಡಿದ್ದೆ. ಅಮ್ಮ ತಲೆಯಾಡಿಸಿದಳು ಅಷ್ಟೆ. ಆ ಒಲೆ ಆರಲಿಲ್ಲ. ಅಲ್ಲಿಯವರೆಗೆ ಅದು ಒಬ್ಬಳ ಸಿಟ್ಟಿನ ಒಲೆಯಾಗಿತ್ತು, ಅಂದಿನಿಂದ ಒಂದು ಸಂಸಾರದ ಒಲೆಯಾಯಿತು. ಮುಂದಿನ ಮಾವಿನ ಸುಗ್ಗಿಗೆ ಮೊದಲೇ ಅವರಿಬ್ಬರೂ ಗೌನಿಪಲ್ಲಿ ಕಡೆ, ನನ್ನ ಅಮ್ಮನ ಅಣ್ಣನ ತೋಟ ನೋಡಿಕೊಳ್ಳಲು ಹೋಗಿಬಿಟ್ಟರು. ಮದುವೆ ಮುಂಜಿಗೆ ಬರುತ್ತಿದ್ದರು. ಅಣ್ಣ ತಮ್ಮ ಬೆಳೆ, ಮಳೆ ಮಾತಾಡುತ್ತಿದ್ದರು. ಪಕ್ಕಪಕ್ಕ ಕೂತು ಏನನ್ನಾದರೂ ಬಿಚ್ಚಿದ್ದನ್ನು ನಾನು ಮತ್ತೆ ನೋಡಲಿಲ್ಲ. ಆದರೆ ಅದಕ್ಕಿಂತ ಮೊದಲು, ಮೋಟರು ಬಿಚ್ಚಿದ ಮರುದಿನವೇ, ಆವನಿಯ ಪಯಣ ಆಯಿತು.

ಅಪ್ಪ ಒಬ್ಬನೇ ಹೊರಟಿದ್ದ. ಅಮ್ಮ ನನ್ನ ತಲೆ ಬಾಚಿ, ತೊಳೆದ ಲಂಗ ಉಡಿಸಿ, "ಪಾರೂನ ಕರ್ಕೊಂಡು ಹೋಗಿ" ಎಂದಳು. ಯಾಕೆಂದು ಅಪ್ಪ ಕೇಳಲಿಲ್ಲ. ದಾರಿಯಲ್ಲಿ ಹಿಂದಕ್ಕೆ ತಿರುಗಿಬಿಟ್ಟರೆ ಎಂಬ ಹೆದರಿಕೆ ಅವಳಿಗಿತ್ತು, ಅದು ಅವನಿಗೂ ಗೊತ್ತಿತ್ತು. ಅರ್ಧ ದಾರಿ ಹುಲ್ಲಿನ ಗಾಡಿಯೊಂದರ ಹಿಂದೆ ಕೂತು ಹೋದೆವು. ಆಮೇಲೆ ನಡೆದೆವು. ಆವನಿಯ ಬೆಟ್ಟ ಕಾಣಿಸಿದಾಗ ಅಪ್ಪ ಒಂದು ಬಂಡೆಯ ಮೇಲೆ ಕೂತುಬಿಟ್ಟ. ನನ್ನ ಕಾಲು ನೋಯುತ್ತಿದೆಯೇ ಎಂದು ಕೇಳಿದ. ಇಲ್ಲ ಎಂದೆ. ಹೌದು ಎನ್ನಬೇಕಿತ್ತೇನೋ ಎನ್ನಿಸುವಂತಿತ್ತು ಅವನ ಮುಖ. ಎದ್ದು ನಡೆದ.

ಮುನಿವೆಂಕಟಮ್ಮ ಅಂಗಳದಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದರು. ಸಣ್ಣ ದೇಹ, ಬಿಳಿ ಕೂದಲು. ನಮ್ಮನ್ನು ನೋಡಿ ಮೊರ ಇಳಿಸಲಿಲ್ಲ.

"ನಾ ಅಲ್ಲುಡು ಬಂದವ್ನಾ?" ತನ್ನ ಅಳಿಯ ಬಂದಿದ್ದಾನೆಯೇ ಎಂದು ಕೇಳಿದರು.

"ಇಲ್ಲಮ್ಮ. ಬರಬೇಕಾದವನು ಅವನಲ್ಲ. ನಾನು."

ಅಪ್ಪ ಅಂಗಳದಲ್ಲಿ ನಿಂತೇ ಹೇಳಿದ. ಪೂಜೆ, ಸರಳು, ಬೆಣೆ, ಮರೆತದ್ದು, ಎಲ್ಲ. ಷಾಫ್ಟು ತಿರುಗಿಸಿ ನೋಡಿ ಚೀಲ ಮುಚ್ಚಿದ್ದನ್ನೂ ಬಿಡಲಿಲ್ಲ. ಮೊರ ಸದ್ದು ಮಾಡುತ್ತಲೇ ಇತ್ತು. ಆ ಮಾತಿಗೆ ಬಂದಾಗ ನಿಂತಿತು.

"ಇಷ್ಟು ದಿನ ನಾನು ನಾಣೀನ ಬೈದದ್ದು?"

"ಅದು ನನಗೆ ಸೇರಬೇಕಾದ್ದಮ್ಮ."

ಅವರು ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಒಳಗಿಂದ ಅಳುವಿನ ಸದ್ದು ಕೇಳುತ್ತದೆ ಎಂದು ಕಿವಿಗೊಟ್ಟೆ. ಪಾತ್ರೆಯ ಸದ್ದು ಮಾತ್ರ ಕೇಳಿಸಿತು. ಆಮೇಲೆ ಎರಡು ತಟ್ಟೆಗಳಲ್ಲಿ ಮುದ್ದೆ, ಸೊಪ್ಪಿನ ಸಾರು ತಂದು ಜಗಲಿಯ ಮೇಲೆ ಇಟ್ಟರು.

"ಮಗು ನಡೆದು ಬಂದೈತೆ. ಉಣ್ಣಿ."

"ನಂಗೆ ಬ್ಯಾಡಮ್ಮ."

"ಮನೆಗೆ ಬಂದವರನ್ನ ಹಸಿದ ಹೊಟ್ಟೇಲಿ ಕಳಿಸಿದ್ಲು ಅಂತ ಒಂದು ಮಾತು ನನಗೆ ಬೇರೆ ಬೇಕಾ? ಉಣ್ಣು."

ಅಪ್ಪ ಉಂಡ. ಒಂದೊಂದು ತುತ್ತೂ ಗಂಟಲಲ್ಲಿ ಇಳಿಯುವುದು ಹೊರಗೆ ಕಾಣುತ್ತಿತ್ತು. ಮುನಿವೆಂಕಟಮ್ಮ ಎದುರಿಗೆ ಕೂತು ಅವನ ಕೈಗಳನ್ನೇ ನೋಡುತ್ತಿದ್ದರು. ಅವನು ಮುಗಿಸಿ, ತನ್ನ ತಟ್ಟೆಯನ್ನು ತಾನೇ ತೊಳೆದು ಬೋರಲು ಹಾಕಿದ ಮೇಲೆ ಹೇಳಿದರು:

"ಇನ್ಮೇಲೆ ನೀನು ಈ ಬಾಗಿಲಿಗೆ ಬರಬ್ಯಾಡ. ನಾಣೀನ ಕಳಿಸು."

ಊರ ಹೊರಗಿನ ಹುಣಸೆಮರದ ಕೆಳಗೆ ಒಬ್ಬ ಮುದುಕ ಕುರಿ ಕಾಯುತ್ತಿದ್ದ. ಹಳ್ಳಿ ದಾರಿಯಲ್ಲಿ ಹೊಸಬರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಯಾವೂರು, ಯಾರ ಮನೆಗೆ ಬಂದಿದ್ದಿರಿ ಎಂದು ಕೇಳಿದ. ಮುನಿವೆಂಕಟಮ್ಮನ ಮನೆಗೆ ಎಂದರೆ ಸಾಕಿತ್ತು. ಅಪ್ಪ ನಿಂತ. ಮುಳಬಾಗಿಲು, ವೆಂಕಟಸ್ವಾಮಿ, ಆಯಮ್ಮನ ಮಗ ಬಾವಿಯಲ್ಲಿ ಸತ್ತದ್ದು ನನ್ನ ತಪ್ಪಿನಿಂದ, ನನ್ನ ತಮ್ಮನಿಂದಲ್ಲ, ಎಂದು ಮೊದಲಿನಿಂದ ಹೇಳತೊಡಗಿದ. ಮುದುಕನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅರ್ಧ ಕೇಳಿ, ಕುರಿಗಳನ್ನು ಕರೆಯುವ ನೆಪ ಮಾಡಿಕೊಂಡು ಆಚೆ ಹೋದ. ನನಗೆ ನಾಚಿಕೆಯಾಗಿ ಸಿಟ್ಟೂ ಬಂದಿತ್ತು.

"ಅವನಿಗ್ಯಾಕಪ್ಪ ಹೇಳ್ದೆ? ಅವನು ಯಾರೋ."

"ಕೇಳಿದ್ನಲ್ಲ," ಅಂದ ಅಪ್ಪ.

ಮುಳಬಾಗಿಲು ಸೇರುವಷ್ಟರಲ್ಲಿ ದಾರಿಯಲ್ಲಿ ಇನ್ನಿಬ್ಬರು ಕೇಳಿದರು. ಅವರಿಗೂ ಹೇಳಿದ.